ಹಣಗಿ

ಅವ್ವ ಖಾನಾಪುರದಿಂದ ಗುಳೇದಗುಡ್ಡಕ್ಕೆ ಬರುವಾಗ
ಟ್ರಂಕಿನಲ್ಲಿ, ಸೀರೆಗಳ ನಡುವೆ,
ಒಬ್ಬ ಮುದುಕನನ್ನು ತಂದಿದ್ದಳು.
ಅಂಗೈಯಗಲದ ಪಟ. ಗಾಜಿನ ಮೂಲೆ ಒಡೆದಿತ್ತು.
ಬಿಳಿ ಗಡ್ಡ, ಒಂದು ಕೈಯಲ್ಲಿ ಜೋಡು ಮೇಣಬತ್ತಿ,
ಇನ್ನೊಂದರಲ್ಲಿ ಕಬ್ಬಿಣದ ಹಣಗಿ.

ನಮ್ಮದು ಮಿಶನ್ ಓಣಿ. ನಮ್ಮ ಗೋಡೆಗೆ
ಕ್ಯಾಲೆಂಡರು, ವಾಕ್ಯದ ಹಲಗೆ, ಅಷ್ಟೇ.
'ಪಟಾ ಗಿಟಾ ನಮ್ಮಲ್ಲಿ ನಡಿಯೂದಿಲ್ಲವಾ' ಎಂದ
ಯೋನಪ್ಪಜ್ಜ, ಖಣದ ಮಗ್ಗದ ಕುಣಿಯಲ್ಲಿ
ಸೊಂಟದವರೆಗೆ ಇಳಿದು ಕೂತವನು. ಆಮೇಲೆ
ಕನ್ನಡಕ ಹಣೆಗೇರಿಸಿ, ಪಟವನ್ನು ಬೆಳಕಿಗೆ ಹಿಡಿದು,
'ಈ ಹಣಗಿ ಎಷ್ಟು ನಂಬರಿಂದು?'

ಪಟ ಅಡಿಗೆಮನೆಯಲ್ಲಿ ಉಳಿಯಿತು, ಉಪ್ಪಿನ ಭರಣಿಯ ಹಿಂದೆ.

ಅವ್ವನ ಹೆಸರು ಎಸ್ಪೆರಾನ್ಸಾ. ಓಣಿಯ ನಾಲಿಗೆಗೆ ಪರಸವ್ವ.
ಅವಳ ಸಾಂ ಬ್ರಾಸನೂ ಇಲ್ಲಿ ಬಿರಾಸಪ್ಪನಾದ.
ಕಂಡಿಕೆ ಸುತ್ತುತ್ತ ಹೇಳುತ್ತಿದ್ದಳು:
ಸೆಬಾಸ್ತೆ ಅಂತ ಒಂದು ಊರು. ಇವ ಅಲ್ಲಿ ವೈದ್ಯ,
ಆಮೇಲೆ ಬಿಶಪ್ಪ.
ಹಿಡಿಯಲು ರಾಜನ ಮಂದಿ ಹೊರಟಾಗ
ಗುಡ್ಡ ಹತ್ತಿ ಗವಿ ಸೇರಿದ.
(ನನಗೆ ಆ ಗುಡ್ಡ ನಮ್ಮದೇ, ಕೆಂಪು ಕಲ್ಲಿನದು;
ಗವಿ ಎಂದರೆ ಬಾವಲಿ ನಾರುವ ಬಂಡೆಗಳ ಸಂದಿ.)
ಕಾಲು ಮುರಿದ ತೋಳ, ಅಂಗಾಲಿಗೆ ಮುಳ್ಳು ನೆಟ್ಟ ಮುಳ್ಳುಹಂದಿ,
ಬಾಗಿಲಲ್ಲಿ ಪಾಳಿ ಹಚ್ಚಿ ನಿಲ್ಲುತ್ತಿದ್ದವಂತೆ,
ಅವನ ಪ್ರಾರ್ಥನೆ ಮುಗಿಯಲಿ ಎಂದು, ಸದ್ದಿಲ್ಲದೆ.
ಬೇಟೆಗಾರರು ಬಂದರು. ನಡೀರಿ ಎಂದ,
ನಿಮ್ಮ ಹಾದೀನ ಕಾಯತಿದ್ದೆ.

ದಾರಿಯಲ್ಲಿ ಒಬ್ಬ ತಾಯಿ, ಮಗನ ಗಂಟಲಲ್ಲಿ ಮೀನಿನ ಮುಳ್ಳು.
ಕಟ್ಟಿದ ಕೈಗಳನ್ನೇ ಗಂಟಲಿಗೆ ಇಟ್ಟ.
ಮುಳ್ಳು ಬಿತ್ತು. ಸಿಪಾಯಿಗಳು ನೋಡಿದರು.
ಹಗ್ಗ ಮಾತ್ರ ಬಿಚ್ಚಲಿಲ್ಲ.

'ಹಂದೀದು ಹೇಳಬೇ' ಎಂದು ನಾವು.
ಬಡವಿಯ ಒಂದೇ ಹಂದಿಮರಿ, ತೋಳ ಒಯ್ದದ್ದು,
ಇವ ಬೈದನೆಂದು ನಾಚಿ ತಂದು ಬಿಟ್ಟದ್ದು.
ಅದೇ ಮುದುಕಿ ಸೆರೆಮನೆಯ ಕತ್ತಲೆಗೆ
ಎರಡು ಬತ್ತಿ ತಂದಳು, ಓದಿಕೊಳ್ಳಲಿ ಅಂತ.

ಕೊನೆಯದನ್ನು ಅವ್ವ ಓಡಿಸಿಬಿಡುತ್ತಿದ್ದಳು:
ಕಂಬಕ್ಕೆ ಕಟ್ಟಿ, ಉಣ್ಣೆ ಹಿಕ್ಕುವ ಹಣಗಿಯಿಂದ
ಮೈ ಹಿಕ್ಕಿದರು. ಆಮೇಲೆ ತಲೆ.
ಆತು, ಮಲಕೋರಿ.

ಒಂದು ವರ್ಷ ಅಜ್ಜನ ಗಂಟಲು ಕಟ್ಟಿತು.
ಬಾಗಲಕೋಟೆಯ ಡಾಕ್ಟರು ನೂಲಿನ ಧೂಳು ಅಂದರು.
ಹುಬ್ಬಳ್ಳಿಯವರು ಬೇರೆ ಹೆಸರು ಹೇಳಿದರು.
ಫೆಬ್ರುವರಿ ಮೂರು. ಕರೆಂಟು ಹೋದಾಗ ಹಚ್ಚುವ ಬತ್ತಿಗಳನ್ನು
ಅವ್ವ ಕತ್ತರಿಯಂತೆ ಇಟ್ಟು, ಖಣದ ಎಳೆ ಸುತ್ತಿ ತಂದಳು.
ಒಲ್ಲೆ ಎನ್ನುತ್ತಾನೆಂದು ಕಾದೆವು.
ಒಲ್ಲೆ ಎನ್ನುವ ದನಿ ಉಳಿದಿರಲಿಲ್ಲವೋ,
ಒಲ್ಲೆ ಎನ್ನುವ ಮನಸ್ಸೋ. ಗದ್ದ ಎತ್ತಿದ.
ಅವ್ವ ಕೊಂಕಣಿಯಲ್ಲಿ ಏನೋ ಅಂದಳು.
ಆಚೆ ಮನೆಯ ಮಗ್ಗ ನಿಂತಿರಲಿಲ್ಲ.

ಈ ಮುಳ್ಳು ಬೀಳಲಿಲ್ಲ.

ಮರುದಿನ ನನ್ನ ಪಾಟಿ ಇಸಕೊಂಡು ಬರೆದ:
ಆ ಹಣಗಿ ಸಿಪಾಯಿಗೋಳದಲ್ಲ.
ಅವರ ಕಡೆ ಕತ್ತಿ ಇರತಾವ.
ಯಾರದೋ ಮನಿಯಿಂದ ತಂದದ್ದು.
ಒರೆಸಿ, ಮತ್ತೆ:
ಉಣ್ಣಿ ಕೆಲಸದವ. ನಮ್ಮಂಥವ.
ತಿರುಗಿ ಕೊಡುವಾಗ ತೊಳದು ಕೊಟ್ಟರೋ, ಹಾಂಗ ಕೊಟ್ಟರೋ?
ಒರೆಸಿದ. ಬಹಳ ಹೊತ್ತು ಬಿಟ್ಟು:
ಮರುದಿನ ಅವ ಏನು ಹಿಕ್ಕಿದ?

ಅವ್ವನಿಗೆ ಗೊತ್ತಿರಲಿಲ್ಲ. ಖಾನಾಪುರದ ಪಾದ್ರಿಯೂ
ಆ ಮನುಷ್ಯನ ಸುದ್ದಿ ಎತ್ತಿದವರಲ್ಲ.
ಅವನಿಗೆ ಹೆಸರಿಲ್ಲ, ಹಬ್ಬವಿಲ್ಲ,
ಉಪ್ಪಿನ ಭರಣಿಯ ಹಿಂದೆ ಜಾಗವಿಲ್ಲ.

ಅಜ್ಜ ಹೋದಮೇಲೆ ಆ ಮಗ್ಗ ಮೇಲೇಳಲಿಲ್ಲ.
ಬೇಸಿಗೆಯಲ್ಲಿ ಕೆಳಗಿನ ಓಣಿಯ ಹುಡುಗನೊಬ್ಬ
ಹಣಗಿ ಕೇಳಿಕೊಂಡು ಬಂದ, ನಾಲ್ಕು ದಿನದ ಮಟ್ಟಿಗೆ.
'ಏನಕ್ಕ?' ಎಂದಳು ಅವ್ವ.
'ಖಣಕ್ಕ, ಯವ್ವಾ. ಮತ್ತೇನಕ್ಕ?'
ನಕ್ಕ ಹುಡುಗ.
ಅವ್ವ ನಗಲಿಲ್ಲ. ಒಂದು ಗಳಿಗೆ
ಅವನ ಕೈಗಳನ್ನು ನೋಡಿದಳು,
ಆಮೇಲೆ ಕೊಟ್ಟಳು.